ಬಾಣದ ಗುರುತು ನೋಡಿ ಕಾಪಿ ಮಾಡಿದ್ದು

ಕಂಪ್ಯೂಟರಿನ ಡಬ್ಬಿ ಬಿಚ್ಚಿದಾಗ ಒಳಗಿನಿಂದ ಒಂದು ಹಿಡಿ ಕಲ್ಲಿನ ಪುಡಿ ಬಂತು. ಬೂದು ಬಣ್ಣದ, ಹಿಟ್ಟಿನಷ್ಟು ನುಣ್ಣನೆಯ ಪುಡಿ. ಶಹಾಬಾದಿನಲ್ಲಿ ಅಂಗಳದಲ್ಲೇ ಕಲ್ಲು ಕೊಯ್ಯುವವನ ಮನೆಯಲ್ಲಿ ಅದು ಹಾಸಿಗೆಯಲ್ಲೂ ಇರುತ್ತದೆ, ಹಾಲಿನ ಪಾತ್ರೆಯಲ್ಲೂ ಇರುತ್ತದೆ. ಪಾಲಿಶ್ ಆದ ಕಲ್ಲಿನ ಮೇಲಿನ ಪುಡಿ ಹಾರಿಸುವ ಬ್ಲೋವರನ್ನೇ ತಂದೆ. ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳು ಅಡ್ಡ ಕೊಟ್ಟು ಗಾಳಿ ಬಿಟ್ಟೆ.

ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಗಿಲಿಗೆ ಬಂದಳು. "ನನ್ನ ಮಿಕ್ಸರ್ ಕೆಟ್ಟು ಮೂರು ತಿಂಗಳಾತು. ಅದಕ್ಕ ಕೈ ಹಚ್ಚಲಿಲ್ಲ. ಇದಕ್ಕ ಮಾತ್ರ ಬಾಣಂತಿಗಿ ನೀರು ಎರದಂಗ ಎರಿಲಿಕತ್ತೀರಿ."

"ಇದು ಅನ್ನ ಹಾಕ್ತದ."

"ಹೌದಪ್ಪಾ. ಮಿಕ್ಸರ್ ಬರೇ ಚಟ್ನಿ ಹಾಕ್ತದ."

ನಾನು ಆರನೇ ತರಗತಿಗೆ ಶಾಲೆ ಬಿಟ್ಟವನು. ಬಿಟ್ಟೆನೆಂದು ನಾಚಿಕೆಯಿಲ್ಲ. ಮೊದಲು ಗಣಿಯಲ್ಲಿ ಕಲ್ಲಿನ ಹಾಸು ಎಬ್ಬಿಸಿದೆ, ಆಮೇಲೆ ಪಾಲಿಶ್ ಮಾಡಿದೆ, ಆಮೇಲೆ ಉಳಿ ಹಿಡಿದು ಅಕ್ಷರ ಕೆತ್ತುವುದಕ್ಕೆ ಕೂತೆ. ಮನೆಯ ಹೆಸರು, ಭೂಮಿಪೂಜೆಯ ಫಲಕ, ಗೋರಿಯ ಕಲ್ಲು. ಕನ್ನಡ ಕೆತ್ತುತ್ತೇನೆ, ಸೇಡಂ ಕಡೆಯವರು ಕೇಳಿದರೆ ತೆಲುಗೂ ಕೆತ್ತುತ್ತೇನೆ. ಉರ್ದು ನನಗೆ ಓದಲು ಬಾರದು. ಆದರೆ ಬರೆದುಕೊಟ್ಟದ್ದನ್ನು ಕಲ್ಲಿನ ಮೇಲೆ ಇಟ್ಟು ಕೆತ್ತಿದರೆ ಇವತ್ತಿನವರೆಗೆ ಯಾವ ಮೌಲವಿಯೂ ಒಂದು ಚುಕ್ಕೆ ಹೆಚ್ಚುಕಡಿಮೆ ಎಂದು ತೋರಿಸಿಲ್ಲ. ಕಲ್ಲಿನ ಅಳತೆಗೆ ಅಕ್ಷರ ಕೂಡಿಸಿ ಪ್ರಿಂಟ್ ತೆಗೆಯಲೆಂದು ಹತ್ತು ವರ್ಷದ ಹಿಂದೆ ಒಂದು ಹಳೆಯ ಕಂಪ್ಯೂಟರ್ ತಂದೆ. ಕೊಟ್ಟವನು ಒಂದು ತಾಸು ಕುಳಿತು ತೋರಿಸಿದ. ಉಳಿದದ್ದು ನಾನೇ ಕಲಿತದ್ದು.

ಈ ವರ್ಷ ಅದು ತೆರೆದಾಗಲೆಲ್ಲ ಒಂದೇ ಮಾತು ಹೇಳತೊಡಗಿತು: ಈ ಆಪರೇಟಿಂಗ್ ಸಿಸ್ಟಂ ಹಳೆಯದಾಯಿತು, ಇನ್ನು ಯಾರೂ ಇದನ್ನು ನೋಡಿಕೊಳ್ಳುವುದಿಲ್ಲ. ನಡುವೆ ನಿಂತುಬಿಡುವುದು, ಪ್ರಿಂಟ್ ಅರ್ಧಕ್ಕೆ ಹರಿಯುವುದು ಬೇರೆ. ವಾಡಿಯಲ್ಲಿ ಸ್ಟೇಷನ್ ಹತ್ತಿರ ಕಂಪ್ಯೂಟರ್ ರಿಪೇರಿ ಮಾಡುವವನೊಬ್ಬನಿದ್ದಾನೆ. ಅವನು ಹೊಸ ಸಿಸ್ಟಂ ತುಂಬಿದ ಒಂದು ಪೆನ್‌ಡ್ರೈವ್ ಕೊಟ್ಟು, "ತಂದ್ ಕೊಡ್ರಿ ಕಾಕಾ, ನಾ ಹಾಕಿಕೊಡ್ತೀನಿ" ಎಂದ.

"ನನಗ ಕೈ ಇಲ್ಲೇನು?" ಎಂದೆ.

ನನ್ನ ಕಂಪ್ಯೂಟರಿನಲ್ಲಿ ಎರಡು ಥರದ ಕಡತಗಳಿದ್ದವು. ಒಂದು, ಕೆತ್ತನೆಯ ನಕ್ಷೆಗಳು. ಅವು ಹೋದರೆ ಮತ್ತೆ ಮಾಡಬಹುದು. ಇನ್ನೊಂದು, ಖಬರಸ್ತಾನದ ಪಟ್ಟಿ.

ಆ ಪಟ್ಟಿ ಹುಟ್ಟಿದ್ದು ನನ್ನದೇ ತಪ್ಪಿನಿಂದ. ನಮ್ಮೂರ ಖಬರಸ್ತಾನದಲ್ಲಿ ಬಹಳಷ್ಟು ಗೋರಿಗಳಿಗೆ ಹೆಸರಿಲ್ಲ. ತಲೆಯ ಕಡೆ ಒಂದು ಬೋಳು ಕಲ್ಲು ನೆಟ್ಟಿರುತ್ತಾರೆ, ಅಷ್ಟೇ. ಯಾರದು ಯಾವುದು ಎನ್ನುವುದು ಗುಂಡಿ ತೋಡುವ ಚಾಚಾನ ತಲೆಯಲ್ಲಿ ಮಾತ್ರ ಇತ್ತು. ಒಮ್ಮೆ ನಾನು ಕೆತ್ತಿದ ಕಲ್ಲನ್ನು ಪಕ್ಕದ ಗೋರಿಗೆ ಕೂಡಿಸಿಬಿಟ್ಟಿದ್ದೆ. ಚಾಚಾ ಓಡಿ ಬಂದ.

"ಅರೇ ಉಸ್ತಾದ್, ಯಾರ ಹೆಸರು ಯಾರ ತಲಿಗಿ ಹಚ್ಚಾಕತ್ತೀದಿ? ಇಲ್ಲಿ ಮಲಗಿದಾವ ಸಾಯೋತನಕ ಆ ಮನಿಯವರ ಜೋಡಿ ಮಾತಾಡಿಲ್ಲ. ಈಗ ಅವರ ಹೆಸರು ಹೊತ್ಕೊಂಡು ಮಲಗಂತೀಯೇನು?"

ಅಂದಿನಿಂದ ಚಾಚಾನ ಹಿಂದೆ ವಹಿ ಹಿಡಿದು ಸಾಲು ಸಾಲಾಗಿ ತಿರುಗಿದೆ. ಅವನು ಕೋಲು ತೋರಿಸಿ ಹೇಳುತ್ತಿದ್ದ, ನಾನು ಬರೆಯುತ್ತಿದ್ದೆ. ರಾತ್ರಿ ಕುಳಿತು ಎರಡು ಬೆರಳಿನಿಂದ ಟೈಪ್ ಮಾಡಿದೆ. ವಹಿ ಆಮೇಲೆ ರದ್ದಿಗೆ ಹೋಯಿತು. ಕಾಗದಕ್ಕೆ ಗೆದ್ದಲು ಹತ್ತುತ್ತದೆ, ಕಂಪ್ಯೂಟರಿಗೆ ಹತ್ತುವುದಿಲ್ಲ ಎಂಬುದು ನನ್ನ ಲೆಕ್ಕ. ಮುಂದಿನ ವರ್ಷ ಚಾಚಾನಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಜನ ನನ್ನ ಬಾಗಿಲಿಗೆ ಬರತೊಡಗಿದರು. ಮುಸಲ್ಮಾನರ ಗೋರಿಗಳ ಲೆಕ್ಕ ಈ ಕಲ್ಲಿನವನ ಹತ್ತಿರ ಇದೆಯಂತೆ ಎಂದು ಸೇಡಂ ಸಂತೆಯಲ್ಲಿ ಅಪರಿಚಿತನೊಬ್ಬ ನನಗೇ ಹೇಳಿದಾಗ ಎದೆ ಉಬ್ಬಿತ್ತು. ಸುಳ್ಳೇಕೆ ಹೇಳಲಿ.

ಈ ಸಲ ಸುಲೇಪೇಟದ ಒಬ್ಬ ಹೆಣ್ಣುಮಗಳು ತಾಯಿಯ ಗೋರಿಗೆ ಕಲ್ಲು ಮಾಡಲು ಹೇಳಿಹೋಗಿದ್ದಳು. ಅಲ್ಲಿ ಹೊಲಿಗೆ ಹಾಕಿ ಸಂಸಾರ ನಡೆಸುವವಳು. ತಾಯಿ ತೀರಿದಾಗ ಇವಳು ಕೂಸು. ಬೆಳೆದದ್ದು ಚಿಕ್ಕಮ್ಮನ ಮನೆಯಲ್ಲಿ. ಇಲ್ಲಿ ಹೆಂಗಸರು ಖಬರಸ್ತಾನದ ಒಳಗೆ ಹೋಗುವ ರೂಢಿಯಿಲ್ಲ. ಅವಳು ಗೇಟಿನ ಹೊರಗೆ ನಿಲ್ಲುತ್ತಿದ್ದಳು, ಚಾಚಾ ಒಳಗಿನಿಂದ ಕೋಲೆತ್ತಿ "ಅಗೋ ಅಲ್ಲಿ" ಎನ್ನುತ್ತಿದ್ದ. ತಾಯಿಯ ಜಾಗ ಅವಳಿಗೆ ಗೊತ್ತಿದ್ದದ್ದು ಅಷ್ಟು.

"ಜಾಗ ಪಕ್ಕಾ ಅದ ಅಲ್ರಿ?" ಎಂದು ಕೇಳಿದ್ದಳು.

"ಪಟ್ಟಿಯಾಗ ಅದ. ನೀವು ನಿಶ್ಚಿಂತಿ ಇರ್ರಿ."

ಕಲ್ಲು ತಯಾರಾಗಿತ್ತು. ಶುಕ್ರವಾರ ಕೂಡಿಸುವುದೆಂದು ಮಾತಾಗಿತ್ತು. ನಾನು ಕಂಪ್ಯೂಟರ್ ಬಿಚ್ಚಿದ್ದು ಅದಕ್ಕೆ ಮೊದಲಿನ ಭಾನುವಾರ.

ಪುಡಿ ತೆಗೆದು, ಡಬ್ಬಿ ಮುಚ್ಚಿ, ಪ್ರಿಂಟರಿನ ವಾಯರ್ ಕಿತ್ತಿಟ್ಟೆ. ಸಿಸ್ಟಂ ಹಾಕುವಾಗ ಕೇಳುವ ಉದ್ದನೆಯ ನಂಬರನ್ನು ಕಪಾಟಿನ ಬಾಗಿಲ ಮೇಲೆ ಸೀಮೆಸುಣ್ಣದಿಂದ ಬರೆದೆ. ಆಮೇಲೆ ನನ್ನದೊಂದು ಖಾಲಿ ಪೆನ್‌ಡ್ರೈವ್ ಚುಚ್ಚಿ ಕಾಪಿಗೆ ಕುಳಿತೆ.

ಪರದೆಯ ಮೇಲೆ ಮೂವತ್ತು ನಲವತ್ತು ಚಿತ್ರಗಳಿದ್ದವು. ಅವನ್ನು ಒತ್ತಿದರೆ ಕಡತ ತೆರೆಯುತ್ತದೆ. ನಾನು ಯಾವಾಗಲೂ ತೆರೆಯುತ್ತಿದ್ದದ್ದು ಅಲ್ಲಿಂದಲೇ. ಕೆಲವು ಚಿತ್ರಗಳ ಮೂಲೆಯಲ್ಲಿ ಬಗ್ಗಿದ ಸಣ್ಣ ಬಾಣವಿತ್ತು, ಕೆಲವಕ್ಕೆ ಇರಲಿಲ್ಲ. ಬಾಣ ನಮ್ಮ ಕಸುಬಿನವರಿಗೆ ಹೊಸದಲ್ಲ. ಲಾರಿಗೆ ಕಲ್ಲು ಹೇರುವ ಮೊದಲು ಒಂದೊಂದನ್ನೂ ತಟ್ಟಿ, ಅಂಚು ಸವರಿ, ಸರಿಯಿದ್ದದ್ದರ ಮೂಲೆಗೆ ಕೆಂಪು ಜಾಜಿನಿಂದ ಬಾಣ ಹಾಕುತ್ತೇವೆ. ಬಾಣವಿದ್ದದ್ದು ಲಾರಿಗೆ, ಇಲ್ಲದ್ದು ಅಂಗಳಕ್ಕೆ. ಇಪ್ಪತ್ತೈದು ವರ್ಷ ಆ ಗುರುತು ನೋಡಿ ಕಲ್ಲು ಎತ್ತಿದ ಕೈ ಇದು. ಬಾಣವಿದ್ದ ಚಿತ್ರಗಳನ್ನೆಲ್ಲ ಆರಿಸಿ ಕಾಪಿ ಮಾಡಿದೆ. ಖಬರಸ್ತಾನದ್ದು ಎರಡಿದ್ದವು: ಒಂದಕ್ಕೆ ಬಾಣವಿತ್ತು, ಇನ್ನೊಂದಕ್ಕೆ ಇರಲಿಲ್ಲ. ಬಾಣವಿಲ್ಲದ್ದು ಹಳೆಯದು, ಅಂಚು ಮುಕ್ಕಾದ ಕಲ್ಲಿನ ಹಾಗೆ ಎಂದು ಬಿಟ್ಟೆ.

ಪರೀಕ್ಷೆ ಮಾಡಲಿಲ್ಲವೆಂದಲ್ಲ. ಪೆನ್‌ಡ್ರೈವಿಗೆ ಹೋಗಿ ಒಂದೊಂದನ್ನೂ ಒತ್ತಿ ನೋಡಿದೆ. ಎಲ್ಲವೂ ತೆರೆದವು. ಪಟ್ಟಿ ತೆರೆದು ಮೊದಲ ಸಾಲನ್ನು ಓದಿದೆ ಕೂಡ. ವಾಡಿಯವನಿಗೆ ಫೋನ್ ಮಾಡಿ ಆಯಿತೆಂದೆ.

"ಕಾಪಿ ಆಗಾಕ ಎಷ್ಟೊತ್ತು ಹಿಡೀತು ಕಾಕಾ?"

"ಕಣ್ಣು ಮುಚ್ಚಿ ತೆರೆಯೋದ್ರಾಗ."

"ಇಷ್ಟು ಲಗು? ಹತ್ತು ವರ್ಷದ ಕೆಲಸ ರೀ. ಒಮ್ಮಿ ಬ್ಯಾರೆ ಮಷಿನ್‌ಗಿ ಹಾಕಿ ನೋಡ್ರಿ. ಇಲ್ಲಾ ನನ್ನ ಹತ್ರ ತರ್ರಿ."

"ನಾ ಕಣ್ಣಿಲೆ ನೋಡೀನಿ. ನಿನ್ನ ಅಂಗಡಿಗಿ ಬಂದು ಪಾಸ್ ಮಾಡಸ್ಕೊಬೇಕೇನು?"

"ಹಂಗಲ್ರಿ..."

"ಇಡು ಫೋನ್."

ಹಳೆಯ ಕಲ್ಲಿನ ಮೇಲೆ ಹೊಸ ಅಕ್ಷರ ಕೆತ್ತುವುದಿದ್ದರೆ ಹಳೆಯದರ ಗೀರೂ ಉಳಿಯದಂತೆ ಮೇಲಿನ ಮುಖ ಉಜ್ಜಿ ತೆಗೆಯಬೇಕು. ಕಂಪ್ಯೂಟರ್ ಎಲ್ಲಿ ಹಾಕಲಿ ಎಂದು ಕೇಳಿದಾಗ ಹಾಗೆಯೇ ಮಾಡಿದೆ. ಇದ್ದ ಭಾಗಗಳನ್ನೆಲ್ಲ ಅಳಿಸಿ, ಒಂದೇ ಬಯಲು ಮಾಡಿ, ಪೂರ್ತಿ ಒರೆಸು ಎಂದೆ. ಸಂಜೆಗೆ ಹೊಸ ಸಿಸ್ಟಂ ನೀಲಿಯಾಗಿ ಹೊಳೆಯುತ್ತ ತೆರೆದುಕೊಂಡಿತು. ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ಚಹಾ ತಂದುಕೊಟ್ಟಳು. ಕುಡಿಯುತ್ತ ಪೆನ್‌ಡ್ರೈವ್ ಚುಚ್ಚಿ ಪಟ್ಟಿಯನ್ನು ಒತ್ತಿದೆ.

ನೀವು ಕೇಳಿದ ಕಡತ ಇದ್ದ ಜಾಗದಲ್ಲಿಲ್ಲ ಎಂದಿತು. ಮತ್ತೊಂದು ಒತ್ತಿದೆ. ಅದೇ ಮಾತು. ಎಲ್ಲವನ್ನೂ ಒತ್ತಿದೆ. ಮೊದಲಿನಿಂದ ಮತ್ತೆ ಒತ್ತಿದೆ.

ಮರುದಿನ ಬೆಳಿಗ್ಗೆ ಕಂಪ್ಯೂಟರನ್ನು ಗೋಣಿಚೀಲದಲ್ಲಿ ಸುತ್ತಿ ವಾಡಿಗೆ ಒಯ್ದೆ. ಅವನು ಪೆನ್‌ಡ್ರೈವ್ ಚುಚ್ಚಿ ನೋಡಿ ಒಂದು ಚಿತ್ರದ ಮೂಲೆಗೆ ಬೆರಳಿಟ್ಟ.

"ಕಾಕಾ, ಇದರಾಗ ಕಡತ ಇಲ್ಲ. ಬರೇ ದಾರಿ ಅದಾವ. ಈ ಬಾಣ ಅಂದ್ರ, ಮನಿ ಅಲ್ಲೈತಿ ನೋಡು ಅಂತ ಕೈ ಮಾಡಿ ತೋರಸೋದು. ಬಾಣ ಇಲ್ಲದ್ದೇ ಮನಿ. ಆವತ್ತು ಮನಿ ಇತ್ತು, ಅದಕ್ಕ ತೆರೀತು."

"ಮತ್ತ ಮನಿ?"

"ಮನಿ ನೀವು ಕೆಡವೀರಿ."

ಎರಡು ದಿನ ಅವನು ಅಳಿಸಿದ್ದನ್ನು ಹೆಕ್ಕಿ ತೆಗೆಯುವ ಏನೇನೋ ಹಾಕಿ ನೋಡಿದ. ಹರಿದ ಎರಡು ಚಿತ್ರಗಳು ಸಿಕ್ಕವು. ಪಟ್ಟಿ ಸಿಗಲಿಲ್ಲ.

ಸುಲೇಪೇಟಕ್ಕೆ ಫೋನ್ ಮಾಡಿ ಬರಬೇಡಿ ಎನ್ನಬಹುದಿತ್ತು. ಮಾಡಲಿಲ್ಲ. ಪಟ್ಟಿ ಹೋದರೇನು, ಹೇಳಿ ಬರೆಸಿದ ಚಾಚಾ ಇನ್ನೂ ಬದುಕಿದ್ದಾನಲ್ಲ, ಮಾತಿಲ್ಲದಿದ್ದರೂ ಎಡಗೈ ಮಾಡಿ ತೋರಿಸುತ್ತಾನೆ ಎಂದುಕೊಂಡೆ. ಶುಕ್ರವಾರ ಮಧ್ಯಾಹ್ನ ಗೂಡ್ಸ್ ಆಟೋದಲ್ಲಿ ಕಲ್ಲಿನ ಪಕ್ಕ ಚಾಚಾನನ್ನೂ ಕೂರಿಸಿಕೊಂಡು ಹೋದೆ. ಅವನಿಗೆ ಬಹಳ ಖುಷಿ. ಎಷ್ಟೋ ತಿಂಗಳ ಮೇಲೆ ಮನೆ ಬಿಟ್ಟು ಹೊರಗೆ ಬಂದಿದ್ದ.

ಆಕೆ ಆಗಲೇ ಗೇಟಿನ ಹೊರಗೆ ಛತ್ರಿ ಹಿಡಿದು ನಿಂತಿದ್ದಳು. ಕಲ್ಲಿನ ಮೇಲಿನ ಬಟ್ಟೆ ಸರಿಸಿ ತಾಯಿಯ ಹೆಸರನ್ನು ಬೆರಳಿನಿಂದ ಓದಿದಳು. "ಭಾಳ ಚಂದ ಆಗ್ಯಾದ್ರಿ" ಎಂದಳು.

ಚಾಚಾನ ಎಡಗೈ ಹಿಡಿದು ಒಳಗೆ ನಡೆದೆ. ಮೂರನೇ ಸಾಲು ಎಂಬುದಷ್ಟೇ ನನಗೆ ನೆನಪಿತ್ತು. ಆ ಸಾಲಿನ ಹೆಚ್ಚಿನವನ್ನು ನಾನೇ ಬಲ್ಲೆ. ಕೊನೆಗೆ ಉಳಿದವು ಅಕ್ಕಪಕ್ಕದ ಎರಡು ಬೋಳು ಕಲ್ಲುಗಳು. ಮೊದಲನೆಯದರ ಹತ್ತಿರ ನಿಂತು ಕೇಳಿದೆ.

"ಚಾಚಾ, ಆಕಿ ಅಮ್ಮೀದು ಇದೇನು?"

"ಹಾಂ," ಎಂದ ಚಾಚಾ. ಕಣ್ಣು ಹೊಳೆಯುತ್ತಿತ್ತು.

ಹೋದ ಜೀವ ಬಂದಂತಾಯಿತು. ಹಾರೆ ಎತ್ತುವ ಮೊದಲು ಯಾಕೋ ಇನ್ನೊಂದನ್ನೂ ತೋರಿಸಿದೆ. "ಇದಲ್ಲ ಅಲ್ಲಾ?"

"ಹಾಂ."

"ಇದು ಹೌದೋ, ಅಲ್ಲೋ?"

"ಹಾಂ. ಹಾಂ."

ಕಂಪೌಂಡ್ ಗೋಡೆಗೆ ಕೈ ತೋರಿಸಿದೆ. "ಇದೇನು?"

"ಹಾಂ," ಎಂದು ನಕ್ಕ. ಎಡಗೈ ಮಾಡಿ ತೋರಿಸೆಂದರೆ ಎರಡನ್ನೂ ತೋರಿಸಿದ. ಲಕ್ವಾ ಅವನಿಗೆ ಬಿಟ್ಟುಕೊಟ್ಟದ್ದು ಆ ಒಂದೇ ಮಾತು.

"ಸಿಕ್ತೇನ್ರಿ?" ಗೇಟಿನಿಂದ ಆಕೆ ಕೂಗಿದಳು.

ಹಾರೆ ಹಿಡಿದು ನಿಂತೆ. ಎರಡರಲ್ಲಿ ಯಾವುದಕ್ಕೆ ಕಲ್ಲು ನೆಟ್ಟರೂ ಅಲ್ಲಿಂದ ಅವಳಿಗೆ ಒಂದೇ. ಒಳಗೆ ಬರುವವಳಲ್ಲ. ತಪ್ಪೆಂದು ಹೇಳಬಲ್ಲ ಒಬ್ಬನ ಬಾಯಲ್ಲಿ ಮಾತಿಲ್ಲ. ವರ್ಷ ವರ್ಷ ಬಂದು ದೂರದಿಂದಲೇ ಫಾತಿಹಾ ಪ್ರಾರ್ಥನೆ ಓದಿ ಸಮಾಧಾನದಿಂದ ಬಸ್ ಹತ್ತುತ್ತಾಳೆ. ನನ್ನ ಹೆಸರೂ ಉಳಿಯುತ್ತದೆ. ಹಾರೆಯಿಂದ ಒಂದು ಏಟು ಹಾಕಿಯೂ ಬಿಟ್ಟೆ, ಮಣ್ಣು ಎದ್ದಿತು. ಚಾಚಾ ನಗುವುದು ನಿಲ್ಲಿಸಿ ಆ ಮಣ್ಣನ್ನು ನೋಡುತ್ತಿದ್ದ. ಅವನಿಗೆ ಗೊತ್ತಿತ್ತೋ ಇಲ್ಲವೋ ನಾನು ಹೇಳಲಾರೆ. ನನಗೆ ಎರಡನೇ ಏಟು ಹಾಕಲಾಗಲಿಲ್ಲ.

ಗೇಟಿಗೆ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಪಟ್ಟಿ ಹೋಗಿದೆ, ಕಳೆದದ್ದು ನಾನೇ, ಎರಡರಲ್ಲಿ ಯಾವುದೋ ಗೊತ್ತಿಲ್ಲ, ತಪ್ಪು ಗೋರಿಗೆ ಹೆಸರು ಹಚ್ಚುವುದು ನನ್ನ ಕೈಲಿ ಆಗುವುದಿಲ್ಲ.

"ನಿಮ್ಮ ಕೈಲೆ ಆಗೋದು ಆಗೇ ಹೋಗ್ಯಾದಲ್ರಿ," ಎಂದಳು. ದನಿ ಎತ್ತಲಿಲ್ಲ. ಛತ್ರಿ ಮಡಚಿದಳು. "ಚಾಚಾಗ ಮಾತಿದ್ದಾಗ ನಾ ಒಂದು ದಿನ ಕೇಳಲಿಲ್ಲ ನೋಡ್ರಿ, ಎಷ್ಟನೇದು ಅಂತ. ನಿಮ್ಮ ಹತ್ರ ಅದ ಅಂದ್ರು, ಸುಮ್ಮನಾದೆ."

ಆಕೆ ಆ ಸಾಲಿನ ಕಡೆ ಮುಖ ಮಾಡಿ ಫಾತಿಹಾ ಓದಿದಳು. ಮುಗಿಸಿ, ಕಲ್ಲನ್ನು ಬಟ್ಟೆಯಿಂದ ಮುಚ್ಚಿ, "ಅಮ್ಮೀ ಹೆಸರು ಬಿಸಲಾಗ ಇಡಬ್ಯಾಡ್ರಿ" ಎಂದಷ್ಟೇ ಹೇಳಿ ಬಸ್ ಸ್ಟ್ಯಾಂಡಿನ ಕಡೆ ಹೋದಳು.

ಕಲ್ಲು ಈಗ ನನ್ನ ಮನೆಯ ಒಳಗಿದೆ. ನಾನು ಮತ್ತೆ ವಹಿ ಹಿಡಿದಿದ್ದೇನೆ. ಲೆಕ್ಕ ಸರಳ: ಆ ಎರಡು ಗೋರಿಗಳಲ್ಲಿ ಒಂದು ಬೇರೆ ಯಾರದೋ. ಆ ಮನೆಯವರು ಸಿಕ್ಕಿ ಇದು ನಮ್ಮದು ಎಂದರೆ, ಉಳಿದದ್ದು ಅವಳ ತಾಯಿಯದು. ಊರಲ್ಲಿರುವ ಮನೆಗಳನ್ನೆಲ್ಲ ಕೇಳಿ ಮುಗಿಸಿದೆ. ಚಿತ್ತಾಪುರಕ್ಕೆ ಹೋಗಿ ನೆಲೆಸಿದವರನ್ನು ಹುಡುಕಿಕೊಂಡು ಹೋದೆ. ಅವರದು ಗೋಡೆಯ ಬದಿಯ ಸಾಲು. ಚಿಂಚೋಳಿಯಲ್ಲಿ ಕೇಳಿದೆ, ಅವರಿಗೆ ಸಾಲೇ ನೆನಪಿಲ್ಲ.

ಹೋದ ವಾರ ವಾಡಿಯಲ್ಲಿ ಒಬ್ಬ ಮುದುಕಿಯ ಮನೆಗೆ ಹೋಗಿದ್ದೆ. ಗಂಡನನ್ನು ನಮ್ಮ ಖಬರಸ್ತಾನದಲ್ಲೇ ಮಣ್ಣು ಮಾಡಿದ್ದಾರೆ. ಕುರ್ಚಿ ಕೊಟ್ಟಳು, ಶರಬತ್ತು ಕೊಟ್ಟಳು. ನಿಮ್ಮ ಯಜಮಾನರದು ಮೂರನೇ ಸಾಲಿನಲ್ಲಿ ಎಷ್ಟನೆಯದು ಎಂದು ಕೇಳಿದೆ.

ಅವಳು ನನ್ನ ಮುಖವನ್ನೇ ನೋಡಿದಳು.

"ನಮಗೇನು ಗೊತ್ತಪ್ಪಾ? ನೀನೇ ಬರಕೊಂಡು ಹೋಗಿದ್ದಿ. ಇನ್ನ ನೆನಪಿಡೋ ತ್ರಾಸ ಇಲ್ಲ ಅಂತ ನೀನೇ ಅಂದಿದ್ದಿ. ನಾವು ಬಿಟ್ಟೇಬಿಟ್ವಿ."