ತಲೆಯ ಅಳತೆ ಹಿಡಿದ ಇಮಾಮಸಾಬ ಕಾಕಾ

ಇಮಾಮಸಾಬ ಕಾಕಾ ಯಾರನ್ನಾದರೂ ಮೊದಲ ಸಲ ಕಂಡಾಗ ಮುಖ ನೋಡುತ್ತಿರಲಿಲ್ಲ, ತಲೆ ನೋಡುತ್ತಿದ್ದರು. ಕೊರಳಲ್ಲಿ ಹಳದಿ ಟೇಪು ಇಳಿಬಿಟ್ಟುಕೊಂಡು, ಕಣ್ಣು ಸಣ್ಣ ಮಾಡಿ, "ಐವತ್ನಾಕು" ಎಂದು ತಮ್ಮಷ್ಟಕ್ಕೆ ಗೊಣಗಿ, ಆಮೇಲೆ "ಬರ್ರಿ, ಕುಂದರ್ರಿ" ಎನ್ನುತ್ತಿದ್ದರು. ಅಳೆದರೆ ತಲೆಯ ಸುತ್ತಳತೆ ಐವತ್ತನಾಲ್ಕು ಸೆಂಟಿಮೀಟರೇ ಇರುತ್ತಿತ್ತು. ಅರ್ಧ ಹೆಚ್ಚುಕಡಿಮೆಯಾದರೆ ತಪ್ಪು ಕೂದಲಿನದು ಎಂದು ವಾದಿಸುತ್ತಿದ್ದರು.

ಮೂಡಲಗಿಯಲ್ಲಿ ಮೂವತ್ತು ವರ್ಷ ಅಂಗಿ, ಜಂಪರು ಹೊಲಿದ ಮನುಷ್ಯ. ರೆಡಿಮೇಡ್ ಬಟ್ಟೆ ಬಂದು ಗಿರಾಕಿಗಳು ಕಡಿಮೆಯಾದ ಮೇಲೆ ಗೋಕಾಕದ ನಮ್ಮ ಕೇಂದ್ರಕ್ಕೆ ಸೇರಿದರು. ಕೇಂದ್ರ ಎಂದರೆ ಒಂದು ದವಾಖಾನೆಯ ಹಿಂದಿದ್ದ ಎರಡು ಕೋಣೆ, ಅಷ್ಟೇ. ಮೂರ್ಛೆರೋಗ ಇರುವವರ ಮೆದುಳಿನ ಅಲೆಗಳನ್ನು ಯಂತ್ರದಲ್ಲಿ ದಾಖಲಿಸಿ, ಒಪ್ಪ ಮಾಡಿ, ಜಗತ್ತಿನ ಯಾವ ವಿಜ್ಞಾನಿ ಬೇಕಾದರೂ ಬಳಸುವಂತೆ ಇಂಟರ್ನೆಟ್ಟಿನಲ್ಲಿ ಮುಕ್ತವಾಗಿ ಇಡುವುದು ನಮ್ಮ ಕೆಲಸವಾಗಿತ್ತು. ತಲೆ ಅಳೆದು, ಪೆನ್ಸಿಲ್ಲಿನಿಂದ ಗುರುತು ಹಾಕಿ, ಪುಟ್ಟ ಬಿಲ್ಲೆಗಳಿರುವ ತಂತಿಗಳನ್ನು ನೆತ್ತಿಯ ತುಂಬ ಅಂಟಿಸುವವರು ಕಾಕಾ. ಬಂದ ದಾಖಲೆಗಳನ್ನು ಹಸನು ಮಾಡಿ ಪ್ರಕಟಿಸುವವನು ನಾನು. ಗೋಕಾಕದಲ್ಲೇ ಹುಟ್ಟಿ ಬೆಳೆದ ನನಗೆ ಕಂಪ್ಯೂಟರ್ ಕಲಿತಿದ್ದೇನೆಂಬ ಜಂಭ ಸ್ವಲ್ಪ ಹೆಚ್ಚೇ ಇತ್ತು.

ಕಾಕಾರ ಇನ್ನೊಂದು ಚಟ ಬರೆಯುವುದು. ಯಂತ್ರ ಓಡುತ್ತಿರುವಷ್ಟು ಹೊತ್ತೂ ಕೋಣೆಯಲ್ಲಿ ಏನೇನಾಯಿತೆಂದು ಉದ್ದನೆಯ ನೋಟಬುಕ್ಕಿನಲ್ಲಿ ನಿಮಿಷ ನಿಮಿಷಕ್ಕೆ ಗೀಚುತ್ತಿದ್ದರು. "ಬಾಜೂ ಹಿಟ್ಟಿನ ಗಿರಣಿ ಚಾಲೂ ಆತು." "ಹುಡುಗಿಗೆ ನಗು ಬಂತು, ಕಾರಣ ನಾನ." ಇದೆಲ್ಲ ಯಾಕೆ ಕಾಕಾ ಎಂದು ನಾನು ಚೇಷ್ಟೆ ಮಾಡಿದರೆ, "ಅಳತಿ ತಗೊಳ್ಳಾಕ ನಿಂತಾವ ಹೊಟ್ಟಿ ಒಳಗ ಎಳಕೊಂಡಿದ್ನೋ ಹೊರಗ ಬಿಟ್ಟಿದ್ನೋ ಅಂತ ಬರದಿಡಬೇಕ್ರಿ ಸರ್. ಇಲ್ಲಾಂದ್ರ ಅಂಗಿ ಕೆಡ್ತೈತಿ" ಎನ್ನುತ್ತಿದ್ದರು.

ಆ ಗೀಚಾಟದ ಬೆಲೆ ನನಗೆ ಗೊತ್ತಾದದ್ದು ಹುಕ್ಕೇರಿ ತಾಲೂಕಿನ ದಡ್ಡಿಯಿಂದ ಬಂದ ಮುದುಕರೊಬ್ಬರಿಂದ. ಅವರ ದಾಖಲೆಯಲ್ಲಿ ಒಂದು ಕಡೆ ಅಲೆಗಳು ಹುಚ್ಚೆದ್ದು ಕುಣಿದಿದ್ದವು. ಸಂಭ್ರಮದಿಂದ ಅಲ್ಲಿ "ಮೂರ್ಛೆ" ಎಂದು ಗುರುತು ಹಾಕುತ್ತಿದ್ದೆ. ಕಾಕಾ ನೋಟಬುಕ್ಕು ತಿರುವಿ, "ಸರ್, ಅದು ಫಿಟ್ಸ್ ಅಲ್ರಿ. ಅಜ್ಜಾರ ಬಾಯಾಗ ಅಡಿಕಿ ಹೋಳ ಇತ್ತು. ಉಗುಳ್ರಿ ಅಂದ್ರ ‘ಈಗರ ಹಾಕೇನಿ’ ಅಂದ್ರು. ನೋಡ್ರಿ, ಇಲ್ಲಿ ಬರದೇನಿ" ಎಂದರು. ಅಡಿಕೆ ಅಗಿದ ದವಡೆಯನ್ನು ಮೆದುಳಿನ ರೋಗವೆಂದು ನಾನು ಜಗತ್ತಿಗೆಲ್ಲ ಸಾರಲಿದ್ದೆ.

ಆ ಟಿಪ್ಪಣಿಗಳನ್ನು ಇಂಗ್ಲಿಷಿಗೆ ಮಾಡಿ ದಾಖಲೆಗಳ ಜೊತೆ ಸೇರಿಸಿದೆ. ಪ್ರಕಟಣೆಗೆ ಮುಂಚೆ ಪರಿಶೀಲಿಸಿದ ಹೊರದೇಶದ ಸಂಶೋಧಕರೊಬ್ಬರು ಇಷ್ಟು ಚೊಕ್ಕ ಟಿಪ್ಪಣಿ ತಾವು ಕಂಡಿಲ್ಲವೆಂದು ನನಗೆ ಪತ್ರ ಬರೆದರು. ಧನ್ಯವಾದ ಎಂದು ಉತ್ತರಿಸಿದೆ. ಕಾಕಾರಿಗೆ ಹೇಳುವುದು ಮರೆತುಹೋಯಿತು. ಮರೆತುಹೋಯಿತು ಎಂದೆನಲ್ಲ, ಅದು ಸುಳ್ಳು. ಹೇಳಲಿಲ್ಲ.

ತುಕ್ಕಾನಟ್ಟಿಯ ಮಾಳವ್ವನವರನ್ನು ಕರೆತಂದವರು ಕಾಕಾನೇ. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದ, ಕುರುಬರ ಮನೆಯ ಹೆಣ್ಣುಮಗಳು. ಮೂರ್ಛೆ ಇತ್ತು. ಗುಳಿಗೆ ನುಂಗುತ್ತ ಮೂರು ವರ್ಷದಿಂದ ಒಮ್ಮೆಯೂ ಬಿದ್ದಿರಲಿಲ್ಲ, ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತಿದ್ದ ಅವರಿಗೆ ಕಾಕಾ ಹೇಳಿದ ಮಾತು ನನಗಿನ್ನೂ ಕೇಳಿಸುತ್ತದೆ: "ಯವ್ವಾ, ನಿನ್ನ ಹೆಸರ ಎಲ್ಲೂ ಬರಂಗಿಲ್ಲ. ನಿಮ್ಮೂರಾಗ ಒಂದು ಪಿಳ್ಳಿಗೂ ತಿಳಿಯಂಗಿಲ್ಲ. ಇದು ನನ್ನ ಮಾತು."

ಪ್ರಕಟಿಸುವ ವಾರ ನನ್ನ ಕೈಯಲ್ಲಿ ಅಳಿಸಬೇಕಾದವುಗಳ ಪಟ್ಟಿ ಇತ್ತು. ಹೆಸರು, ಫೋನ್ ನಂಬರು, ಹುಟ್ಟಿದ ದಿನ. ಒಂದೊಂದೇ ಅಳಿಸಿದೆ. ಹಿಂದೆ ನಿಂತು ನೋಡುತ್ತಿದ್ದ ಕಾಕಾ ಕೇಳಿದರು.

"ಸರ್, ಊರು ಹಂಗ ಉಳೀತಲ್ರಿ. ಮಾಡೂ ಕೆಲಸಾನೂ ಉಳೀತು."

"ಅವು ಇರಬೇಕು ಕಾಕಾ. ಮನಷಾ ಎಂಥಾ ಜೀವನಾ ಮಾಡ್ತಾನ ಅಂತ ವಿಜ್ಞಾನಿಗಳಿಗೆ ತಿಳೀಬೇಕಲ್ರಿ."

"ತುಕ್ಕಾನಟ್ಟಿ ಮಂದಿಗೂ ತಿಳೀತೈತಲ್ರಿ. ಸಾಲ್ಯಾಗ ಅಡಿಗಿ ಮಾಡಾವ್ರು ಇಬ್ಬರ. ಒಬ್ಬಾಕಿ ಮುದುಕಿ."

ನಾನು ನಕ್ಕೆ. "ಎಲ್ಲಾ ಇಂಗ್ಲಿಷಿನಾಗ ಐತಿ ಕಾಕಾ. ತುಕ್ಕಾನಟ್ಟ್ಯಾಗ ಇದನ್ಯಾರು ಓದಾಕ ಕುಂತಾರ?"

ಊರಿನ ಹೆಸರೊಂದು, ಕಸುಬೊಂದು ಸಿಕ್ಕರೆ ನಮ್ಮ ಕಡೆ ಮನೆಯ ಬಾಗಿಲಿಗೇ ಕರೆದುಕೊಂಡು ಹೋಗಿ ನಿಲ್ಲಿಸುತ್ತಾರೆ. ಇದು ನನಗೆ ಗೊತ್ತಿರದ ವಿಷಯವಲ್ಲ. ಪಟ್ಟಿಯಲ್ಲಿ ಇರಲಿಲ್ಲ, ಹಾಗಾಗಿ ನಾನೂ ಬಿಟ್ಟೆ.

ಓದಲು ಕೂತವನು ತುಕ್ಕಾನಟ್ಟಿಯವನೇ ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿ. ಪ್ರಾಜೆಕ್ಟಿಗೆಂದು ಹುಡುಕುವಾಗ ತನ್ನೂರಿನ ಹೆಸರು ಕಂಡು ಹಿಗ್ಗಿಹೋದ. ಆ ಪುಟದ ಚಿತ್ರ ತೆಗೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ತುಕ್ಕಾನಟ್ಟಿ, ಹೆಂಗಸು, ಮೂವತ್ತಾರು, ಶಾಲೆಯ ಅಡುಗೆ, ಮೂರ್ಛೆ. ಆ ಒಂದು ಸಾಲು ಓದಲು ಯಾರಿಗೂ ಹೆಚ್ಚಿನ ಇಂಗ್ಲಿಷ್ ಬೇಕಾಗಲಿಲ್ಲ.

ಎರಡು ದಿನದಲ್ಲಿ ಶಾಲೆಯಲ್ಲಿ ಪಾಲಕರ ಸಭೆ ಸೇರಿತು. ಕೇಂದ್ರದಿಂದ ಕಾಕಾ ಮತ್ತು ನಾನು ಹೋದೆವು. "ಒಲಿ ಮುಂದ ನಿಂತಾಗ ಬಂದ್ರ ಏನ್ ಗತಿ? ನಮ್ಮ ಹುಡುಗ್ರ ಅಲ್ಲೇ ಅಡ್ಡಾಡ್ತಿರ್ತಾವು" ಎಂದು ಒಬ್ಬರು ಕೂಗಿದರು. ಮೂರು ವರ್ಷದ ಗುಳಿಗೆಯ ಮಾತು ಯಾರ ಕಿವಿಗೂ ಬೀಳಲಿಲ್ಲ. ಮಾಳವ್ವನವರು ಗೋಡೆಯ ಪಕ್ಕ ಸೆರಗು ಬಾಯಿಗೊತ್ತಿಕೊಂಡು ನಿಂತಿದ್ದರು. ಕೊನೆಗೆ ಹೆಡ್ ಮಾಸ್ತರರು ನಮ್ಮತ್ತ ತಿರುಗಿ, "ಇದನ್ನ ಬರದಾವ್ರು ಯಾರ್ರಿ?" ಎಂದು ಕೇಳಿದರು.

ನಾನು ಎದ್ದು ನಿಲ್ಲಬೇಕಿತ್ತು. ಕೂತೇ ಇದ್ದೆ.

"ನಾನರಿ," ಎಂದು ಕಾಕಾ ಎದ್ದರು. "ನೋಟಬುಕ್ಕಿನಾಗ ಬರಿಯಾವ ನಾನ. ತಪ್ಪಾತು, ಹೊಟ್ಟ್ಯಾಗ ಹಾಕ್ಕೋರಿ."

ನೋಟಬುಕ್ಕಿನಲ್ಲಿ ಬರೆದವರು ಅವರೇ, ಅಷ್ಟರಮಟ್ಟಿಗೆ ಅದು ಖರೆ. ಆ ಅರ್ಧ ಖರೆಯೊಳಗೆ ನಾನು ಅಡಗಿ ಕೂತೆ. ಒಬ್ಬ ಅವರ ವಯಸ್ಸನ್ನೂ ನೋಡದೆ "ಏ ಟೇಲರಾ" ಎಂದು ಬೈದ. ಕಾಕಾ ಕೈಮುಗಿದು ನಿಂತೇ ಇದ್ದರು.

ಅಂದೇ ಊರು, ಕಸುಬು ಎರಡನ್ನೂ ಅಳಿಸಿ, ವಯಸ್ಸನ್ನು ಮೂವತ್ತರಿಂದ ನಲವತ್ತು ಎಂದು ಹಿಗ್ಗಿಸಿ, ದಾಖಲೆಗಳನ್ನು ಸರಿಪಡಿಸಿದೆ. ಆದರೆ ಜನರ ಫೋನಿಗೆ ಇಳಿದದ್ದನ್ನು ವಾಪಸು ತರುವುದು ಯಾರ ಕೈಯಲ್ಲೂ ಇರಲಿಲ್ಲ. ಮಾಳವ್ವನವರ ಕೆಲಸ ಹೋಯಿತು. ಕಾಕಾ ಮರುವಾರವೇ ನಮ್ಮ ಕೇಂದ್ರ ಬಿಟ್ಟರು. ನನ್ನ ಕೆಲಸಕ್ಕೇನೂ ಆಗಲಿಲ್ಲ. ಅಷ್ಟೇ ಅಲ್ಲ, ದಾಖಲೆಗಳನ್ನು ಹಂಚುವಾಗ ಜನರ ಗುಟ್ಟು ಕಾಯುವುದು ಹೇಗೆಂದು ಹೇಳಿಕೊಡಲು ಬೇರೆ ಊರಿನವರು ನನ್ನನ್ನು ಕರೆದರು. ಅಲ್ಲಿ ಈ ಕಥೆಯನ್ನು "ನಮ್ಮ ಸಿಬ್ಬಂದಿಯೊಬ್ಬರ ಅಚಾತುರ್ಯ" ಎಂದು ಹೇಳಿದೆ. ಚಪ್ಪಾಳೆ ಬಿತ್ತು. ಇದನ್ನು ಬರೆಯುವಾಗಲೂ ನನ್ನ ಮುಖ ಬಿಸಿಯಾಗುತ್ತಿದೆ.

ಆಮೇಲೆ ಕಾಕಾರನ್ನು ನೋಡಿದ್ದು ಒಂದೇ ಸಲ, ಮೂಡಲಗಿಯ ಅವರ ಅಂಗಡಿಯಲ್ಲಿ. ಎಲ್ಲ ಒಪ್ಪಿಕೊಳ್ಳಬೇಕೆಂದೇ ಹೋಗಿದ್ದೆ. ಮಿಷನ್ನಿನ ಮುಂದೆ ಕೂತಿದ್ದವರು ಚಹಾ ತರಿಸಿದರು, ನನ್ನ ಮಗಳ ಶಾಲೆ ವಿಚಾರಿಸಿದರು. ಆಮೇಲೆ ಕೈ ಕಟ್ಟಿ ಸುಮ್ಮನೆ ಕೂತರು, ನಾನೇ ಏನಾದರೂ ಹೇಳಲಿ ಎಂಬಂತೆ. ನಾನು ಚಹಾ ಚೆನ್ನಾಗಿದೆ ಎಂದೆ. ಬರುವಾಗ ಬಾಗಿಲವರೆಗೂ ಬಂದು, "ಮಾಳವ್ವನ ಕಡೆ ಒಮ್ಮಿ ಹೋಗಿ ಬರ್ರಿ ಸರ್. ಆಕಿ ಏನೂ ಅನ್ನಂಗಿಲ್ಲ" ಎಂದರು. ಹೂಂ ಎಂದು ಬಂದವನು ಹೋಗಲಿಲ್ಲ.

ಈ ವರ್ಷ ಅವರು ತೀರಿಕೊಂಡ ಸುದ್ದಿ ಬಂತು. ಮಣ್ಣಿಗೆ ಹೋಗುವ ಧೈರ್ಯವೂ ಆಗಲಿಲ್ಲ. ನಾಲ್ಕು ದಿನ ಬಿಟ್ಟು ತುಕ್ಕಾನಟ್ಟಿಗೆ ಹೋದೆ. ಮಾಳವ್ವನವರು ಕಟ್ಟೆಯ ಮೇಲೆ ಗೋವಿನಜೋಳದ ತೆನೆ ಸುಲಿಯುತ್ತಿದ್ದರು. ಕೂಡ್ರುವ ಮುಂಚೆಯೇ ಹೇಳಿಬಿಟ್ಟೆ.

"ತಪ್ಪು ಕಾಕಾಂದಲ್ಲರಿ, ನಂದು. ಅವರು ಬ್ಯಾಡ ಅಂದಿದ್ರು, ನಾ ಕೇಳಲಿಲ್ಲ."

"ಗೊತ್ತೈತ್ರಿ," ಎಂದರು ಅವರು, ಕೈ ನಿಲ್ಲಿಸದೆ. "ಮಾತು ಕೊಟ್ಟಿದ್ರಲ್ಲ, ಕಾಕಾ ಮಾಡಿದ್ದಲ್ಲಂತ ನನಗ ಅವತ್ತ ತಿಳೀತು. ಯಾರಂತ ಅವರನ್ನ ಕೇಳಿದ್ನಿ. ‘ಮಾಡಿದಾವ್ರ ತಾವ ಬಂದು ಹೇಳ್ತಾರ ಯವ್ವಾ, ಚಲೋ ಮನಷಾ ಅದಾರ, ಸ್ವಲ್ಪ ತಡಾ ಆಕ್ಕೈತಿ’ ಅಂದ್ರು. ಈ ಕಡೆ ಬಂದಾಗೊಮ್ಮಿ ಕೇಳಾವ್ರು, ಸರ್ ಬಂದಿದ್ರೇನು ಅಂತ. ಇಲ್ಲ ಅಂತಿದ್ನಿ."

ಒಂದು ತೆನೆ ಮುಗಿಸಿ ಇನ್ನೊಂದನ್ನು ಕೈಗೆತ್ತಿಕೊಂಡರು.

"ಕಡೀಕ ದವಾಖಾನಿಗೆ ನೋಡಾಕ ಹೋಗಿದ್ನಿ. ಮಾತಾಡಾಕೂ ಆಗ್ತಿರಲಿಲ್ಲ, ಆದ್ರೂ ಅದನ್ನ ಕೇಳಿದ್ರು. ಹೂಂ ಕಾಕಾ, ಬಂದಿದ್ರು, ಎಲ್ಲಾ ಹೇಳಿದ್ರು, ಅಂದ್ನಿ. ‘ನಾ ಹೇಳಿದ್ನಿಲ್ಲೋ’ ಅಂದ್ರು. ಭಾಳ ಖುಷಿ ಆದ್ರು ನೋಡ್ರಿ."