ಹೋಳಿಗೆಯ ಮುಂದಿನ ಚೀಟಿ

ಗಿರಿಜಾ ಕಾಕು ಟಿಕ್ ಮಾಡಿದ್ದರು. ಅವರ ಮಾತನ್ನು ಸುಳ್ಳಾಗಿಸಿದ್ದು ನಾನು ಬರೆದ ಪ್ರೋಗ್ರಾಮು. ಅದು ಗೊತ್ತಿದ್ದೂ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ಕೂತವನು ನಾನು.

ಕಾಕು ಧಾರವಾಡದವರು, ಈ ಪರದೇಶದ ಬ್ರ್ಯಾಂಪ್ಟನ್ ಊರಿನಲ್ಲಿ ನಮ್ಮ ಪಕ್ಕದ ಮನೆ. ಚಿಕ್ಕಂದಿನಲ್ಲೇ ಇಲ್ಲಿಗೆ ಬಂದ ನನಗೆ, ಅಡುಗೆಮನೆಯ ಕಟ್ಟೆಯ ಮೇಲೆ ಹಿಟ್ಟು ಹರವಿ, ಬೆರಳು ಹಿಡಿದು ಅಕ್ಷರ ತೀಡಿಸಿದವರು. ಇವತ್ತು ನಾನು ಬರೆಯುತ್ತಿರುವ ಈ ಕನ್ನಡ ಅವರದೇ.

ನಮ್ಮ ಕನ್ನಡ ಬಳಗದ ವೆಬ್‌ಸೈಟು ನನ್ನ ಕೆಲಸ. ಯುಗಾದಿಯ ಊಟಕ್ಕೆ ಮನೆಗೊಂದು ಪದಾರ್ಥ. ಏನು ತರುತ್ತೀರಿ, ಅದರಲ್ಲಿ ಶೇಂಗಾ ಇದೆಯೇ ಎಂದು ಮೊದಲೇ ಸೈಟಿನಲ್ಲಿ ತುಂಬಬೇಕು. ಶೇಂಗಾ ಇದೆ ಎಂದು ಟಿಕ್ ಮಾಡಿದರೆ ಪದಾರ್ಥದ ಹೆಸರು ಕೆಂಪಾಗುವಂತೆ, ಪುಟದ ಬಣ್ಣಗಳನ್ನು ನಿರ್ಧರಿಸುವ ಸ್ಟೈಲ್ ಶೀಟಿನಲ್ಲಿ ಬರೆದಿದ್ದೆ. ಆದರೆ ಊಟದ ಮೇಜಿನ ಮೇಲಿಡುವ ಚೀಟಿಗಳು ಕಪ್ಪು-ಬಿಳುಪು ಪ್ರಿಂಟರಿನವು. ಅದಕ್ಕೊಂದು ಉಪಾಯ ಹೂಡಿದೆ — ಹೆಸರಿನ ಬಣ್ಣ ಯಾವುದೆಂದು ನನ್ನ ಜಾವಾಸ್ಕ್ರಿಪ್ಟ್ ಪ್ರೋಗ್ರಾಮು ಬ್ರೌಸರನ್ನು ಕೇಳಬೇಕು. ‘ರೆಡ್’ ಎಂದು ಉತ್ತರ ಬಂದರೆ ಕೆಳಗೆ ‘ಶೇಂಗಾ ಇದೆ’ ಎಂದು ಸೇರಿಸಬೇಕು. ಆ ಕಾಲದಲ್ಲಿ ಒಂದೊಂದು ಬ್ರೌಸರನ್ನು ಕೇಳುವ ರೀತಿ ಒಂದೊಂದು. ಎರಡೂ ರೀತಿ ಬರೆದೆ, ಬೀಗಿದೆ. ಉತ್ತರವೂ ಬ್ರೌಸರಿಗೊಂದು ರೀತಿ ಬಂದೀತೇ ಎಂದು ಮಾತ್ರ ನೋಡಲೇ ಇಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಸರಿ ಬಂತು, ಮುಗಿಯಿತು.

ಚೀಟಿಗಳನ್ನು ಮುದ್ರಿಸಿದ್ದು ಊಟ ಏರ್ಪಾಡಾಗಿದ್ದ ಮಿಸಿಸಾಗದ ಕಮ್ಯುನಿಟಿ ಹಾಲಿನಲ್ಲಿದ್ದ ಕಂಪ್ಯೂಟರಿನಿಂದ.

ಬಳಗದವಳೇ ಆದ ಶೈಲಜಾಳ ಪುಟ್ಟ ಮಗಳು ಅನ್ವಿಗೆ ಶೇಂಗಾ ಅಲರ್ಜಿ. ಕಾಕು ತಂದಿದ್ದ ಹೋಳಿಗೆಯಲ್ಲಿ ಅವಳು ಅರ್ಧ ತಿಂದಿದ್ದಳು. ನೋಡುನೋಡುತ್ತಿದ್ದಂತೆ ತುಟಿ ಊದಿತು. ಉಸಿರು ಸಿಳ್ಳೆ ಹಾಕತೊಡಗಿತು. ಶೈಲಜಾ ಪರ್ಸಿನಿಂದ ಅಲರ್ಜಿಯ ಇಂಜೆಕ್ಷನ್ ತೆಗೆದು ಮಗುವಿನ ತೊಡೆಗೆ ಚುಚ್ಚಿದಳು. ಆಂಬುಲೆನ್ಸಿಗೆ ಯಾರೋ ಫೋನು ಮಾಡಿದರು. ನಾನು ಸಾರಿನ ಸೌಟು ಹಿಡಿದು ನಿಂತೇ ಇದ್ದೆ.

"ಕಾಕು, ಇದ್ರಾಗ ಶೇಂಗಾ ಐತೇನ್ರಿ?" ಶೈಲಜಾ ಕೇಳಿದಳು.

"ಐತವಾ... ಶೇಂಗಾ ಹೋಳಿಗಿನ ಅದು. ನಾ ಟಿಕ್ ಮಾಡೀನಲ್ಲ, ಕೆಂಪಗ ಬಂತು, ಕಣ್ಣಾರೆ ನೋಡೀನಿ."

"ಎಲ್ಲೈತ್ರಿ? ಚೀಟಿ ನೀವ ಓದ್ರಿ. ಒಂದ್ ಬಾಕ್ಸ್ ಟಿಕ್ ಮಾಡೂದು ಅಷ್ಟು ಕಷ್ಟ ಆತೇನ್ರಿ?"

ಕಾಕು ಚೀಟಿ ಓದಿದರು. ‘ಹೋಳಿಗೆ’ ಎಂದಷ್ಟೇ ಇತ್ತು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು. ಹಾಲಿನಲ್ಲಿ ಯಾರೂ ಅವರ ಪರ ಮಾತಾಡಲಿಲ್ಲ.

ಮಗು ಉಳಿಯಿತು — ಸಂಜೆಗೆ ಸುದ್ದಿ ಬಂತು. ಅಷ್ಟರಲ್ಲಿ ಮೇಜು ತೆಗೆಯುತ್ತಿದ್ದ ನನ್ನ ಕೈಗೆ ಶೇಂಗಾ ಚಟ್ನಿಪುಡಿಯ ಮುಂದಿದ್ದ ಚೀಟಿ ಸಿಕ್ಕಿತು. ಅದರಲ್ಲೂ ‘ಶೇಂಗಾ ಇದೆ’ ಎಂಬ ಕೆಳಗಿನ ಸಾಲು ಇರಲಿಲ್ಲ. ನಮ್ಮ ಜನರಲ್ಲಿ ಆ ಪುಡಿಯಲ್ಲಿ ಶೇಂಗಾ ಇದೆಯೇ ಎಂದು ಯಾರು ಕೇಳುತ್ತಾರೆ? ಯಾರೂ ಗಮನಿಸಿರಲಿಲ್ಲ.

ಆ ಕಂಪ್ಯೂಟರಿನಲ್ಲೇ ಸೈಟು ತೆರೆದೆ. ಕಾಕು ಹೇಳಿದ ಹಾಗೇ, ಹೋಳಿಗೆ ಕೆಂಪಗಿತ್ತು. ಅಲ್ಲಿದ್ದ ಬ್ರೌಸರು ಬಣ್ಣವನ್ನು ‘ರೆಡ್’ ಎಂದು ಹೆಸರಿನಿಂದ ಹೇಳುತ್ತಿರಲಿಲ್ಲ. ಅದೇ ಕೆಂಪನ್ನು ಮೂರು ಸಂಖ್ಯೆಗಳಲ್ಲಿ ಹೇಳುತ್ತಿತ್ತು. ನನ್ನ ಪ್ರೋಗ್ರಾಮಿಗೆ ಅದು ಕೆಂಪೇ ಅಲ್ಲ. ಹೊರಗೆ ಕಾಕು ಒಬ್ಬರೇ ಬೂಟು ಹಾಕಿಕೊಳ್ಳುತ್ತಿದ್ದರು. ಹೋಗಿ ಹೇಳಬೇಕಿತ್ತು — ಹತ್ತು ಹೆಜ್ಜೆಯೂ ಇರಲಿಲ್ಲ —

ಮರುದಿನ ಪ್ರೋಗ್ರಾಮಿನ ಆ ಸಾಲನ್ನು ತಿದ್ದಿದೆ. ಯಾರಿಗೂ ಹೇಳಲಿಲ್ಲ.

ಅಂದಿನಿಂದ ಬಳಗದ ಊಟಕ್ಕೆ ಕಾಕು ಏನನ್ನೂ ಮಾಡಿ ತಂದಿಲ್ಲ. ಪೇಪರ್ ಪ್ಲೇಟು ತರುತ್ತಾರೆ. "ಪ್ಲೇಟಿನಾಗ ಏನ್ ಶೇಂಗಾ ಇರ್ತದಪಾ" ಎಂದು ತಾವೇ ನಗುತ್ತಾರೆ. ನಾನೂ ನಕ್ಕಿದ್ದೇನೆ.

ಕಳೆದ ವಾರ ಅವರ ಮನೆಯಲ್ಲಿ ಚಹಾ ಕುಡಿಯುವಾಗ ಆ ದಿನದ ಮಾತು ಬಂತು. ಈಗಲಾದರೂ ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಅಂದರು: "ನಾನ ಮರ್ತಿದ್ನೋ ತಮ್ಮಾ. ಕೆಂಪಗ ಬಂದಿತ್ತು ಅಂತ ಸುಳ್ಳ ಹೇಳಿದ್ನಿ ಕಾಣ್ತದ. ಆ ಕೂಸಿಗೆ ಏನರೆ ಆಗಿದ್ರ..."

ಕಣ್ಣಾರೆ ಕಂಡದ್ದನ್ನೂ ಅವರು ಸುಳ್ಳೆಂದು ಒಪ್ಪಿಕೊಂಡಿದ್ದರು. ಅಲ್ಲಿಗೆ ತಂದು ನಿಲ್ಲಿಸಿದವನು ನಾನು. ಆಗಲೂ — ಹೇಳಲಿಲ್ಲ. ಎದ್ದು ಬಂದೆ.

ಈ ಬರಹ ಬಳಗದ ಪತ್ರಿಕೆಗೆ ಹೋಗುವ ಮೊದಲು ಅವರ ಅಡುಗೆಮನೆಗೆ ಹೋಗುತ್ತದೆ. ನಾನೇ ಓದಿ ಹೇಳುತ್ತೇನೆ. ಆಮೇಲೆ ಅವರು ಏನಾದರೂ ಅನ್ನಲಿ, ಬಾಗಿಲು ಹಾಕಿಕೊಳ್ಳಲಿ. ಯುಗಾದಿಯ ದಿನ ಅದೇ ಹಾಲಿನಲ್ಲಿ, ಶೈಲಜಾಳ ಎದುರಿಗೇ, ಮತ್ತೊಮ್ಮೆ ಹೇಳುತ್ತೇನೆ.

ಕಾಕು, ನೀವು ಟಿಕ್ ಮಾಡಿದ್ದಿರಿ. ಅದು ಕೆಂಪಗೇ ಇತ್ತು.