ನಾಲ್ಕು ಗಂಟೆಯ ಚಹಾ

ಅಪ್ಪನಿಗೆ ಅಕ್ಕಿ ಗಿರಣಿಯಲ್ಲಿ ಕೆಲಸ ಸಿಕ್ಕಿ ನಾವು ಮುದಗಲ್ಲಿನಿಂದ ಸಿಂಧನೂರಿಗೆ ಬಂದಾಗ ಆರು ಕಡೆ ಬಾಡಿಗೆ ಮನೆ ಸಿಗಲಿಲ್ಲ. ನಮ್ಮ ಹೆಸರು ಕೇಳಿದ ಕೂಡಲೇ ಎಲ್ಲರ ಮನೆಗೂ ಊರಿಂದ ನೆಂಟರು ಬರುವವರಿರುತ್ತಿದ್ದರು. ಏಳನೆಯ ಕಡೆ ಅಪ್ಪ ಬೇರೆ ಹೆಸರು ಹೇಳಿದ. ಆಧಾರ್ ಕಾರ್ಡು ಕೇಳಿದ್ದಕ್ಕೆ "ಊರಾಗ ಅದ ರೀ" ಎಂದ. ಅಂದಿನಿಂದ ಅಮ್ಮಿಯ ಹಣೆಗೆ ಕುಂಕುಮ ಬಂತು. ಅಂಗಳದಲ್ಲಿ ನಾನು ಅವಳನ್ನು 'ಅವ್ವ' ಎನ್ನಬೇಕಾಯಿತು. ಒಳಗೆ ಅವಳು ನಮಾಜು ಮಾಡುವಾಗ ನಾನು ಬಾಗಿಲಲ್ಲಿ ಕೂತು ಜೋರಾಗಿ ಪಾಠ ಓದುತ್ತಿದ್ದೆ.

ರಂಜಾನ್ ಬಂತು. ಮೊದಲ ರೋಜಾದ ದಿನವೇ ಮನೆಯೊಡತಿ ನಾಲ್ಕು ಗಂಟೆಗೆ ಚಹಾ ಹಿಡಿದು ಬಂದಳು. ಅಲ್ಲಿಯವರೆಗೆ ಒಂದು ಲೋಟ ನೀರು ಕೊಟ್ಟವಳಲ್ಲ.

"ಕುಡಿ ಬೇ. ಲೋಟ ಒಯ್ಯೂತನ ಇಲ್ಲೇ ಕುಂದರ್ತೀನಿ."

"ಹೊಟ್ಟಿ ಸರಿ ಇಲ್ರಿ ಅಕ್ಕಾರ," ಎಂದಳು ಅಮ್ಮಿ.

"ಶುಂಠಿ ಹಾಕೀನಿ. ಕುಡಿ."

ಅಮ್ಮಿ ಕುಡಿದಳು. ಮರುದಿನವೂ ಕುಡಿದಳು. ಒಲ್ಲೆ ಎಂದರೆ ಗುಟ್ಟು ರಟ್ಟಾಗಿ ಮನೆ ಹೋಗುತ್ತಿತ್ತು. ರೋಜಾ ಮುರಿದ ಮೇಲೂ ಹೊತ್ತು ಮುಳುಗುವವರೆಗೆ ಬೇರೇನೂ ಬಾಯಿಗೆ ಹಾಕುತ್ತಿರಲಿಲ್ಲ. ನನಗಂತೂ ಆ ಹೆಂಗಸಿನ ಮೇಲೆ ಸಿಟ್ಟೇ ಇರಲಿಲ್ಲ. ಪಾಪ, ಗೊತ್ತಿಲ್ಲದೆ ಪ್ರೀತಿಯಿಂದ ತರುತ್ತಾಳೆ ಎಂದುಕೊಂಡಿದ್ದೆ. ನನ್ನಂಥ ಪೆದ್ದಿ ಇನ್ನೊಬ್ಬಳಿರಲಿಲ್ಲ.

ಹಬ್ಬಕ್ಕೆ ಎರಡು ದಿನವಿತ್ತು. ಅಮ್ಮಿ ಚಹಾದ ಕೊನೆಯ ಗುಟುಕು ಕುಡಿಯುವಾಗ ದೂರದ ಮಸೀದಿಯಿಂದ ಬಾಂಗ್ ಕೇಳಿತು. ಅವಳ ಎಡಗೈ ತಾನಾಗಿಯೇ ಸೆರಗನ್ನು ತಲೆಯ ಮೇಲೆ ಎಳೆಯಿತು. ಒಡತಿ ನಕ್ಕಳು.

"ಬಂದ ದಿನಾನ ಗೊತ್ತಾಗ್ಯದ ನನಗ. ಬಾಂಗ್ ಕೇಳಿದ ಕೂಡ್ಲೆ ನಿನ್ನ ಕೈ ತಲಿಗೆ ಹೋಗ್ತದ. ಎಷ್ಟು ದಿನ ಕುಡೀತಿ ನೋಡೂಣಂತ ಚಾ ತಂದೆ. ನಾಳೆ ಮನಿ ಖಾಲಿ ಮಾಡ್ರಿ."

ಅಮ್ಮಿ ಲೋಟ ತೊಳೆದು ಅವಳ ಕೈಗೆ ಕೊಟ್ಟಳು. ಆ ತೊಳೆದದ್ದನ್ನು ನಾನಿನ್ನೂ ಕ್ಷಮಿಸಿಲ್ಲ.

ಈಗ ಮಸ್ಕಿಯಲ್ಲಿ ನಮ್ಮವರ ಓಣಿಯಲ್ಲೇ ಇದ್ದೇವೆ. ಬಾಂಗ್ ಆದಾಗ ಅಕ್ಕಪಕ್ಕದ ಹೆಂಗಸರೆಲ್ಲ ತಲೆಗೆ ಸೆರಗೆಳೆದುಕೊಳ್ಳುತ್ತಾರೆ. ಅಮ್ಮಿಯ ಕೈ ತೊಡೆಯ ಮೇಲಿಂದ ಏಳುವುದಿಲ್ಲ. ನಾನೇ ಸೆರಗು ಹೊದಿಸಿದರೆ ಬಾಗಿಲ ಕಡೆ ನೋಡಿ ಮೆಲ್ಲಗೆ ಇಳಿಸಿಬಿಡುತ್ತಾಳೆ.